ಸಾಕಾಗುವಷ್ಟು ಹಿಟ್ಟು

ಇಟಲಿ ದೇಶದ ವೆರೋನಾ ಪಟ್ಟಣದಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ತಾನು ಬಿಡಾರವಿರುವ ಮನೆಯ ಅಜ್ಜಿಯಿಂದ ಕೇಳಿದ ಒಂದು ಪಾಕಕ್ರಮವನ್ನು ಕಳೆದ ವರ್ಷ ಶಾಲೆಗೆ ಬರೆದು ಕಳುಹಿಸಿದಳು. ತಿಂಡಿಯ ಹೆಸರು ನ್ಯೊಕ್ಕಿ. ಬೇಯಿಸಿ ನುರಿದ ಆಲೂಗೆಡ್ಡೆಗೆ ಗೋದಿಹಿಟ್ಟನ್ನು ಬೆರಸಿ, ಬೆರಳುಗಾತ್ರವಾಗಿ ಹೊಸೆದು, ತುಂಡರಿಸಿ, ಕುದಿಯುವ ಉಪ್ಪುನೀರಿಗೆ ಹಾಕತಕ್ಕದ್ದು. ತೇಲಿಬಂದೊಡನೆ ತೆಗೆದು ಬೆಣ್ಣೆಯನ್ನೂ ತುರಿದ ಚೀಸನ್ನೂ ಕೂಡಿಸಿ ಬಡಿಸತಕ್ಕದ್ದು. ವೆರೋನಾದವರು ಲೆಂಟ್ ಕಾಲಕ್ಕೆ ಮುಂಚಿನ ಕಾರ್ನಿವಲ್ ಉತ್ಸವದ ಕಡೆಯ ಶುಕ್ರವಾರವನ್ನು ಈ ತಿಂಡಿಯ ಹೆಸರಿನಿಂದಲೇ ಕರೆಯುವರು.

ಆಲೂಗೆಡ್ಡೆಗೆ ಒಂದು ಕಿಲೋ ಎಂದು ಲೆಕ್ಕ ಹೇಳಿದ ಅಜ್ಜಿ, ಹಿಟ್ಟಿಗೆ ಮಾತ್ರ "ಕ್ವಾಂತೊ ಬಾಸ್ತ" ಎಂದಿದ್ದಳು. ಸಾಕಾಗುವಷ್ಟು ಎಂದರ್ಥ. ಇಟಲಿಯ ಪಾಕಪುಸ್ತಕಗಳಲ್ಲಿ ಇದು ರೂಢಿಯ ಮಾತು. ನಮ್ಮ ತಾಯಂದಿರ "ಹದ ನೋಡಿ ಹಾಕು" ಎಂಬುದೂ ಇದೇ ಅಲ್ಲವೇ?

ನಮ್ಮ ಅಡಿಗೆಯ ತರಗತಿಯಲ್ಲಿ ಒಬ್ಬ ಹುಡುಗಿ ತನಗೆ ಸಾಕೆಂದು ತೋರಿದಷ್ಟು ಹಿಟ್ಟನ್ನು ಹಾಕಿದಳು. ಸೌಟು ಆಡಿಸಿದರೆ ಪಾತ್ರೆಯಲ್ಲಿ ಒಂದು ತುಂಡೂ ಇಲ್ಲ, ಎಲ್ಲವೂ ಗಂಜಿ! "ನಿನ್ನ ಕೈಗುಣವೇ ಸರಿಯಿಲ್ಲ" ಎಂದು ನಾನು ಎಲ್ಲರೆದುರಿಗೆ ಅಂದುಬಿಟ್ಟೆ. ಆಕೆ ಪಾತ್ರೆ ತೊಳೆಯುವ ನೆವದಿಂದ ಹಿಂದಕ್ಕೆ ಹೋಗಿ ಅತ್ತಳೆಂದು ಅನಂತರ ತಿಳಿಯಿತು.

ಪೆಲ್ಲೆಗ್ರೀನೋ ಆರ್ತೂಸಿ ಎಂಬವರು 1891ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದ ಪಾಕಗ್ರಂಥವನ್ನು ಆಮೇಲೆ ನೋಡಿದೆ. ಅವರ ಕಣ್ಣೆದುರಿಗೇ ಒಬ್ಬ ಗೃಹಿಣಿಯ ನ್ಯೊಕ್ಕಿಯೂ ಹೀಗೆಯೇ ಮಾಯವಾಗಿತ್ತಂತೆ. ಹಿಟ್ಟು ಕಡಮೆಯಾದುದೇ ಕಾರಣ. ಆದಕಾರಣ ಅವರು 400 ಗ್ರಾಂ ಗೆಡ್ಡೆಗೆ 150 ಗ್ರಾಂ ಹಿಟ್ಟೆಂದು ನಮೂದಿಸಿದರು.

ಹಾಗಾದರೆ ಅಜ್ಜಿಯದು ತಪ್ಪೋ? ಅಲ್ಲ. ಗೆಡ್ಡೆ ಒಂದೇ ತರನಾಗಿರುವುದಿಲ್ಲ. ಅಂದು ನಮಗೆ ದೊರೆತದ್ದು ಹಾಸನದ ಮಳೆಗಾಲದ ಹೊಸ ಗೆಡ್ಡೆ, ನೀರು ಹೆಚ್ಚು. ಸಾಲದೆಂಬಂತೆ ನಾವು ಸಿಪ್ಪೆ ತೆಗೆದೇ ಬೇಯಿಸಿದ್ದೆವು. ನೀರು ಹೆಚ್ಚಿದಷ್ಟೂ ಹಿಟ್ಟು ಬೇಕು, ಹಿಟ್ಟು ಹೆಚ್ಚಿದಷ್ಟೂ ತಿಂಡಿ ರಬ್ಬರಿನಂತಾಗುವುದು. ಹಳೆಯ ಒಣಗೆಡ್ಡೆಯನ್ನು ಸಿಪ್ಪೆಸಹಿತ ಬೇಯಿಸಿ, ಬಿಸಿಯಿರುವಾಗಲೇ ನುರಿದು, ಹರಡಿ ಹಬೆ ಹೋಗಗೊಟ್ಟು, ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಮೊದಲು ಒಂದೇ ತುಂಡನ್ನು ನೀರಿಗೆ ಬಿಡಬೇಕು. ಅದು ಒಡೆಯದೆ ತೇಲಿದರೆ ಹಿಟ್ಟು ಸಾಕಾಯಿತೆಂದು ತಿಳಿಯಬೇಕು.

ಅಜ್ಜಿಯ ಕೈ ಈ ಗುರುತನ್ನು ಬಲ್ಲದು; ಕಾಗದ ಅದನ್ನು ಹೇಳಲಿಲ್ಲ. ತಾಯಂದಿರಲ್ಲಿ ನನ್ನ ಅರಿಕೆ ಇದೇ. "ಸಾಕಾಗುವಷ್ಟು" ಎಂದು ಧಾರಾಳವಾಗಿ ಹೇಳಿರಿ. ಆದರೆ ಯಾವ ಗುರುತಿನಿಂದ ಸಾಕಾಯಿತೆಂದು ತಿಳಿಯತಕ್ಕದ್ದೋ ಅದನ್ನು ಮಗಳಿಗೆ ತೋರಿಸದೆ, ಆಕೆಯ ಕೈಗುಣವನ್ನು ದೂರುವುದು ಅನ್ಯಾಯ. ಲೆಕ್ಕವನ್ನು ಕಲಿಸದೆ ಮಗು ದಡ್ಡೆಂದು ಹೇಳುವ ಉಪಾಧ್ಯಾಯಿನಿಯನ್ನು ನೀವು ಒಪ್ಪುವಿರಾ? ಆರ್ತೂಸಿಯವರ ಗ್ರಂಥವು 475 ಪಾಕಗಳಿಂದ 790ಕ್ಕೆ ಬೆಳೆದುದರಲ್ಲಿ ಗೃಹಿಣಿಯರು ಬರೆದ ಪತ್ರಗಳ ಪಾಲು ದೊಡ್ಡದು. ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆತನದ ಒಂದೊಂದು ಪಾಕವನ್ನು ಅಳತೆ, ಗುರುತುಗಳ ಸಹಿತ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸ್ಥಳವುಂಟು.

ಆ ಹುಡುಗಿಯಲ್ಲಿ ಕ್ಷಮೆ ಬೇಡಿದೆನು. ಡಿಸೆಂಬರಿನಲ್ಲಿ ಆಕೆಯೇ ಪುನಃ ಮಾಡಿದಳು; ಒಂದು ತುಂಡನ್ನು ಬಿಟ್ಟು ನೋಡಿ, ಇನ್ನೊಂದು ಹಿಡಿ ಹಿಟ್ಟನ್ನು ಸೇರಿಸಿದಳು. ಕಿಲೋ ಗೆಡ್ಡೆಗೆ ಹಿಡಿದ ಹಿಟ್ಟು 300 ಗ್ರಾಂ ಎಂದು ಕರಿಹಲಗೆಯ ಮೇಲೆ ತಾನೇ ಬರೆದಳು.