ವಾರದ ಮಟ್ಟಿಗೆ ಸ್ಪ್ಯಾನಿಷ್, ಊರಿಗೆ ಬಂದರೆ ಇಂಗ್ಲಿಷ್ ಮಾತ್ರ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಸಾವಿರಾರು ಚರ್ಚುಗಳಿಂದ ಯುವಕ ಯುವತಿಯರ ತಂಡಗಳು ಹೊಂಡುರಾಸ್, ಗ್ವಾಟೆಮಾಲಾ, ಮೆಕ್ಸಿಕೊ ಕಡೆ ಹೊರಡುತ್ತವೆ. ವಾರ ಅಥವಾ ಹತ್ತು ದಿನದ 'ಮಿಷನ್ ಟ್ರಿಪ್'. ಅಲ್ಲಿ ಗೋಡೆ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ, ಮಕ್ಕಳ ಜೊತೆ ಆಡುತ್ತಾರೆ. ಭಾನುವಾರ ಸ್ಥಳೀಯರ ಪಕ್ಕ ನಿಂತು ಅರ್ಥವಾಗದ ಸ್ಪ್ಯಾನಿಷ್‌ನಲ್ಲಿ ಹಾಡುತ್ತಾರೆ. ವಾಪಸ್ ಬಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಭಾಷೆ ಬರದಿದ್ದರೂ ದೇವರ ಮುಂದೆ ನಾವೆಲ್ಲ ಒಂದೇ ಅನ್ನಿಸಿತು.

ಆ ಅನುಭವ ಸುಳ್ಳು ಅಂತ ನಾನು ಹೇಳಲ್ಲ. ನನ್ನ ಪ್ರಶ್ನೆ ಬೇರೆ. ಆ 'ಒಂದೇ' ಅನ್ನುವ ಭಾವ ಏರ್‌ಪೋರ್ಟಿನ ಪಾಸ್‌ಪೋರ್ಟ್ ಕೌಂಟರ್ ದಾಟಿ ಮನೆತನಕ ಬರುತ್ತದಾ?

ಮೊದಲು ಲೆಕ್ಕ ನೋಡೋಣ. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಇಂಥ ಪ್ರವಾಸ ಹೋಗುತ್ತಿದ್ದರು. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ನುಚ್ಚುನೂರು ಮಾಡಿದಾಗ ಮನೆ ಕಟ್ಟಿಕೊಡಲು ತಂಡಗಳು ಸಾಲುಗಟ್ಟಿ ಹೋದವು. ಕರ್ಟ್ ವೆರ್ ಬೀಕ್ ಎಂಬ ಸಂಶೋಧಕ ಆ ಮನೆಗಳ ಖರ್ಚು ಲೆಕ್ಕ ಹಾಕಿದರು. ಓಡಾಟದ ಖರ್ಚೂ ಸೇರಿ ವಿದೇಶಿ ತಂಡ ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರ್. ಸ್ಥಳೀಯ ಕ್ರೈಸ್ತ ಸಂಸ್ಥೆ ಕಟ್ಟಿದರೆ ಸುಮಾರು 2,000 ಡಾಲರ್. ಅಂದರೆ ಒಂದು ಮನೆಯ ದುಡ್ಡಲ್ಲಿ ಹದಿನೈದು ಮನೆ ಏಳಬಹುದಿತ್ತು, ಅದೂ ಅಲ್ಲಿನ ಗಾರೆ ಕೆಲಸದವರಿಗೆ ಕೂಲಿ ಕೊಟ್ಟು.

'ದುಡ್ಡಿನ ಮಾತು ಬಿಡಿ, ಮನುಷ್ಯ ಸಂಬಂಧ ಬೆಳೆಯುತ್ತಲ್ಲ' ಅನ್ನುವುದು ಇದಕ್ಕೆ ಸಿಗುವ ಉತ್ತರ. ಸರಿ, ಸಂಬಂಧವನ್ನೇ ನೋಡೋಣ. ಇವಾನ್ ಇಲಿಚ್ ಎಂಬ ಪಾದ್ರಿ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ ಮಿಷನರಿಗಳಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರ ನಡೆಸುತ್ತಿದ್ದರು. 1968ರ ಏಪ್ರಿಲ್‌ನಲ್ಲಿ ಸೇವೆಗೆಂದು ಬರುತ್ತಿದ್ದ ಅಮೆರಿಕನ್ ವಿದ್ಯಾರ್ಥಿಗಳ ಸಭೆಯಲ್ಲಿ ಅವರು ಮುಖಕ್ಕೆ ಹೊಡೆದಂತೆ ಮಾತಾಡಿದರು. ಭಾಷೆಯೇ ಬರದಿದ್ದ ಮೇಲೆ ಊರಿನವರು ನಿಮ್ಮ ಬಗ್ಗೆ ಏನಂದುಕೊಳ್ಳುತ್ತಾರೆ ಅನ್ನುವುದೂ ನಿಮಗೆ ತಿಳಿಯಲ್ಲ. ಬರುವುದಾದರೆ ನೋಡಲು, ಕಲಿಯಲು ಬನ್ನಿ, ಉದ್ಧಾರ ಮಾಡಲು ಬೇಡ ಎಂಬುದು ಅವರ ಮಾತಿನ ಸಾರ. ಅರ್ಧ ಶತಮಾನ ಕಳೆದರೂ ಈ ಟೀಕೆ ಹಳತಾಗಿಲ್ಲ. ಅರ್ಥವಾಗದ ಭಾಷೆಯಲ್ಲಿ ಒಟ್ಟಿಗೆ ಹಾಡುವುದು ಸುಲಭ, ಯಾಕೆಂದರೆ ಹಾಡು ನಿಮ್ಮನ್ನು ಪ್ರಶ್ನೆ ಕೇಳಲ್ಲ.

ಇನ್ನು ಪಾಸ್‌ಪೋರ್ಟ್ ವಿಷಯ. ಅಮೆರಿಕದ ಪ್ರಜೆ ವೀಸಾ ಇಲ್ಲದೆ ಹೊಂಡುರಾಸ್‌ನಲ್ಲಿ 90 ದಿನ ಇರಬಹುದು. ಹೊಂಡುರಾಸ್‌ನವರು ಅಮೆರಿಕಕ್ಕೆ ಹೋಗಬೇಕಾದರೆ ವೀಸಾ ಬೇಕು, ಅದು ಸಿಗುವ ಖಾತರಿ ಇಲ್ಲ. ನಮ್ಮ ಕಡೆ ಒಬ್ಬರ ಮನೆಗೆ ಹೋಗಿ ಉಂಡು ಬಂದರೆ ಅವರನ್ನೂ ಮನೆಗೆ ಕರೆಯುವುದು ರೂಢಿ. ಇಲ್ಲಿ ಹೋಗುವವರು ಯಾವಾಗಲೂ ಅವರೇ, ಬರಮಾಡಿಕೊಳ್ಳುವವರು ಯಾವಾಗಲೂ ಇವರೇ.

2025 ಈ ವಿರೋಧಾಭಾಸವನ್ನು ಬಯಲಿಗೆ ತಂದಿತು. ಟ್ರಂಪ್ ಅಧಿಕಾರಕ್ಕೆ ಬಂದ ಕೂಡಲೇ, ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ವಲಸಿಗರನ್ನು ಬಂಧಿಸದಂತೆ ಇದ್ದ ನಿರ್ಬಂಧ ಹೋಯಿತು. ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರುವ ಆದೇಶ ಬಂತು. ಇಂಗ್ಲಿಷ್ ಬಾರದವರಿಗೆ ಸರ್ಕಾರಿ ಸೇವೆಯಲ್ಲಿ ಭಾಷಾ ನೆರವು ಕೊಡಬೇಕೆಂಬ 2000ರ ಆದೇಶವನ್ನೂ ಅದು ರದ್ದು ಮಾಡಿತು. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದ ಬಿಷಪ್, ಬಂಧನದ ಭಯ ಇರುವವರು ಭಾನುವಾರದ ಪೂಜೆಗೆ ಬರದಿದ್ದರೂ ನಡೆಯುತ್ತದೆ ಎಂದು ವಿನಾಯಿತಿ ಕೊಡಬೇಕಾಯಿತು. ಅದೇ ತಿಂಗಳು, ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನವರಿಗೆ 1999ರಲ್ಲಿ ಕೊಟ್ಟಿದ್ದ ತಾತ್ಕಾಲಿಕ ರಕ್ಷಣೆಯನ್ನು ಮುಗಿಸುವುದಾಗಿ ಸರ್ಕಾರ ಘೋಷಿಸಿತು. ವಿಷಯ ಕೋರ್ಟಿಗೆ ಹೋಯಿತು.

ಅದೇ ಚಂಡಮಾರುತ, ಅದೇ ಜನ. ಅವರು ಅಲ್ಲಿದ್ದಾಗ ಮನೆ ಕಟ್ಟಿಕೊಡಲು ವಿಮಾನ ಹತ್ತಿದರು. ಇಲ್ಲಿಗೆ ಬಂದು ಕಾಲು ಶತಮಾನ ದುಡಿದವರಿಗೆ ಗಂಟುಮೂಟೆ ಕಟ್ಟಿ ಅಂತಿದಾರೆ. 2024ರ ಚುನಾವಣೆಯಲ್ಲಿ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಹತ್ತರಲ್ಲಿ ಎಂಟು ಮಂದಿ ಟ್ರಂಪ್‌ಗೆ ಮತ ಹಾಕಿದ್ದರು. ಇಂಥ ತಂಡಗಳನ್ನು ಉತ್ಸಾಹದಿಂದ ಕಳಿಸುವ ಚರ್ಚುಗಳಲ್ಲಿ ಇವರ ಚರ್ಚುಗಳೂ ಇವೆ.

ಎಲ್ಲ ಚರ್ಚುಗಳೂ ಹೀಗೆ ಅನ್ನುವುದು ಅನ್ಯಾಯ. ಕ್ವೇಕರ್‌ಗಳು ಜನವರಿಯಲ್ಲೇ ಸರ್ಕಾರದ ವಿರುದ್ಧ ಕೋರ್ಟಿಗೆ ಹೋದರು. ಫೆಬ್ರವರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ರೈಸ್ತ, ಯಹೂದಿ ಸಂಘಟನೆಗಳು ಸೇರಿ ಇನ್ನೊಂದು ದಾವೆ ಹೂಡಿದವು. ನನ್ನ ಮಟ್ಟಿಗೆ ಭಾಷೆ ದಾಟಿದ ನಿಜವಾದ ಆರಾಧನೆ ಇದು. ಇಲ್ಲಿ ಫೋಟೊ ಇಲ್ಲ, ವಕೀಲರ ಫೀಸಿದೆ, ಸ್ವಂತ ಸರ್ಕಾರದ ಸಿಟ್ಟಿಗೆ ತುತ್ತಾಗುವ ಅಪಾಯ ಇದೆ.

ಕನ್ನಡಿಗರಿಗೆ ಇನ್ನೊಂದು ಅಳತೆಗೋಲೂ ಇದೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೇ, ವಸಾಹತುಶಾಹಿಯ ನೆರಳಲ್ಲೇ. ಅದನ್ನು ಮರೆಮಾಚಬೇಕಿಲ್ಲ. ಆದರೆ ದಶಕಗಟ್ಟಲೆ ಕೂತು ಭಾಷೆ ಕಲಿತವನಿಗೆ ಎದುರಿನವರು ತಿರುಗಿ ಮಾತಾಡಬಹುದು, ವಾದ ಮಾಡಬಹುದು, ಬೈಯಲೂಬಹುದು. ಬೈಗುಳವೂ ಅರ್ಥವಾಗುವಷ್ಟು ಕಲಿತಾಗಲೇ ಸಂಬಂಧ ಸಮಾನವಾಗುವುದು.

ಬೈಬಲ್ಲಿನ ಪೆಂತೆಕೋಸ್ತ್ ದಿನದ ಕತೆಯಲ್ಲಿ ಜನರೆಲ್ಲ ಒಂದೇ ಭಾಷೆಗೆ ಬದಲಾಗಲಿಲ್ಲ. ಪ್ರತಿಯೊಬ್ಬರಿಗೂ ಅವರವರ ತಾಯ್ನುಡಿಯಲ್ಲೇ ಮಾತು ಕೇಳಿಸಿತು. ಹಿಂದಿ ಹೇರಿಕೆ ಬಗ್ಗೆ ದಿನಾ ಜಗಳವಾಡುವ ನಮಗೆ ಈ ವ್ಯತ್ಯಾಸ ಯಾರೂ ವಿವರಿಸಬೇಕಿಲ್ಲ. ಇನ್ನೊಬ್ಬರ ಊರಿಗೆ ಹೋಗಿ ಅವರ ಭಾಷೆಯಲ್ಲಿ ಹಾಡಿ ಬರುವುದು ದೊಡ್ಡ ಮಾತಲ್ಲ. ಅವರು ನಮ್ಮ ಬೀದಿಗೆ ಬಂದು ತಮ್ಮ ಭಾಷೆಯಲ್ಲೇ ಪ್ರಾರ್ಥಿಸಿದಾಗ, ಪೊಲೀಸ್ ವ್ಯಾನ್ ಬಂದರೆ ಬಾಗಿಲಲ್ಲಿ ಅಡ್ಡ ನಿಲ್ಲುವವರು ಯಾರು ಅನ್ನುವುದೇ ಪ್ರಶ್ನೆ.