ಮಗಳ ಮುಂದಿನ ಓದು: ಊರಲ್ಲೋ, ವಿದೇಶದಲ್ಲೋ?

ಬಿ.ಕಾಂ. ಅಥವಾ ಬಿಬಿಎ ಮುಗಿಸಿದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಎರಡು ಮಾತುಗಳು ಒಟ್ಟಿಗೇ ನಡೆಯುತ್ತವೆ. ಒಂದು ಸಂಬಂಧದ ಮಾತು, ಇನ್ನೊಂದು ಮುಂದಿನ ಓದಿನದು. ಮೈಸೂರಿನ ಉದಯಗಿರಿ, ರಾಜೀವನಗರ, ಮಂಡಿ ಮೊಹಲ್ಲಾದ ತಾಯಂದಿರಿಗೂ ಇದು ಹೊಸದಲ್ಲ. ಹೊಸದು ಮಗಳು ತರುವ ಕೋರ್ಸಿನ ಹೆಸರು. ‘ಪ್ರಾಡಕ್ಟ್ ಆ್ಯಂಡ್ ಸರ್ವಿಸ್ ಮ್ಯಾನೇಜ್‌ಮೆಂಟ್’ನಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ಸ್ ಅಂದರೆ ಏನು? ಅದಕ್ಕಾಗಿ ಸಮುದ್ರ ದಾಟಬೇಕೇ?

ಹೆಸರು ಉದ್ದವಿದೆ, ವಿಷಯ ನಮ್ಮೂರಿನದೇ. ಐಡಿಯಲ್ ಜಾವಾ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. ಜೆಕೊಸ್ಲೊವಾಕಿಯಾದ ಬೈಕು 1961ರಿಂದ ಮೈಸೂರಿನಲ್ಲಿ ತಯಾರಾಯಿತು, 1973ರಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆದರೆ ಬೈಕು ಬೀದಿಯಿಂದ ಮಾಯವಾಗಲಿಲ್ಲ. ಅದರ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್‌ಗಳು ಅದನ್ನು ಉಳಿಸಿಕೊಂಡರು. 2018ರಲ್ಲಿ ಬೇರೊಂದು ಕಂಪೆನಿ ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಬೈಕು ಸರಕು, ರಿಪೇರಿ ಸೇವೆ. ಸರಕು ನಿಂತ ಮೇಲೂ ಸೇವೆ ಅದರ ಹೆಸರನ್ನು ಇಪ್ಪತ್ತು ವರ್ಷ ಕಾಯಿತು. ಇವೆರಡನ್ನೂ ಒಟ್ಟಿಗೆ ಯೋಚಿಸುವುದನ್ನೇ ಈ ಪದವಿ ಕಲಿಸುತ್ತದೆ. ಏನನ್ನು ತಯಾರಿಸಬೇಕು, ಬೆಲೆ ಎಷ್ಟಿಡಬೇಕು, ಮಾರಿದ ಮೇಲೆ ಗಿರಾಕಿಯ ಕೈ ಹೇಗೆ ಬಿಡಬಾರದು ಎಂಬ ಲೆಕ್ಕ ಅದು.

‘ಇಂಟರ್‌ನ್ಯಾಷನಲ್’ ಎಂಬ ಮಾತಿಗೂ ಊರಲ್ಲೇ ಉದಾಹರಣೆಯಿದೆ. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್‌ನದು. 1937ರಲ್ಲಿ ಆರಂಭವಾದ ಕಾರ್ಖಾನೆ, 1962ರ ಚುನಾವಣೆಯಿಂದ ಶಾಯಿ ಕೊಡುತ್ತಿದೆ, ಹೊರದೇಶಗಳಿಗೂ ಕಳಿಸುತ್ತದೆ. ಕೆಲವು ದೇಶಗಳಲ್ಲಿ ಮತದಾರರು ಬೆರಳನ್ನೇ ಬಾಟಲಿಗೆ ಅದ್ದುತ್ತಾರೆ, ಇನ್ನು ಕೆಲವೆಡೆ ಮಾರ್ಕರ್ ಪೆನ್ನು ಬೇಕು. ಶಾಯಿ ಒಂದೇ ಆದರೂ ಬಾಟಲಿ ಒಂದೇ ಆಗುವುದಿಲ್ಲ.

ಓದಲು ಊರಲ್ಲೇ ಜಾಗವಿದೆ. ಮಾನಸಗಂಗೋತ್ರಿಯ ಬಿ.ಎನ್. ಬಹದ್ದೂರ್ ಸಂಸ್ಥೆ, ಚಾಮುಂಡಿ ಬೆಟ್ಟದ ರಸ್ತೆಯ ಎಸ್‌ಡಿಎಂ ಸಂಸ್ಥೆ ಮ್ಯಾನೇಜ್‌ಮೆಂಟ್ ಕಲಿಸುತ್ತವೆ. ಪದವಿಯ ಮೇಲೆ ಈ ಉದ್ದ ಹೆಸರು ಇರುವುದಿಲ್ಲ, ಎಂಬಿಎ ಎಂದೋ ಡಿಪ್ಲೊಮಾ ಎಂದೋ ಇರುತ್ತದೆ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಇರಾನ್, ಯೆಮನ್, ಅಫ್ಘಾನಿಸ್ತಾನದಿಂದ ಓದಲು ಬಂದವರಿದ್ದಾರೆ. ಅವರಿಗೆ ನಮ್ಮ ಮೈಸೂರೇ ವಿದೇಶ! ಆದ್ದರಿಂದ ಇಲ್ಲಿ ಓದಿದರೆ ಕಡಿಮೆ ಎಂಬ ಭಾವನೆ ಬೇಡ.

ಮಾನ್ಯತೆಯನ್ನು ಮಾತ್ರ ಹಣ ಕಟ್ಟುವ ಮೊದಲೇ ನೋಡಿ. ಇದೇ ಊರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರದ ಮಾನ್ಯತೆಯಿಲ್ಲ ಎಂದು ಯುಜಿಸಿ 2015ರಲ್ಲಿ ಹೇಳಿದಾಗ ಸಾವಿರಾರು ಮಕ್ಕಳು ಕಂಗಾಲಾದರು. 2018ರಲ್ಲಿ ಮಾನ್ಯತೆ ಮರಳಿತು, ಕಳೆದ ವರ್ಷಗಳು ಮರಳಲಿಲ್ಲ.

ಹೋಗಲೇಬೇಕೆಂದರೆ ಜರ್ಮನಿಯ ಹೆಸರು ಮೊದಲು ಬರುತ್ತದೆ, ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಇದನ್ನು ಕೇಳಿ ‘ಪುಕ್ಕಟೆ’ ಎಂದುಕೊಳ್ಳಬೇಡಿ. ಬಾಡೆನ್ ವುರ್ಟೆಂಬರ್ಗ್ ರಾಜ್ಯ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯುರೋ ಪಡೆಯುತ್ತದೆ. ಕೆಲಸದ ಅನುಭವ ಕೇಳುವ ಎಂಬಿಎಗಳಿಗೆ ಸರಕಾರಿ ಸಂಸ್ಥೆಗಳಲ್ಲೂ ಶುಲ್ಕವಿರುತ್ತದೆ. ಭಾರತದ ವಿದ್ಯಾರ್ಥಿಗಳು 2022ರ ನವೆಂಬರ್‌ನಿಂದ ಎಪಿಎಸ್ ಎಂಬ ದಾಖಲೆ ಪರಿಶೀಲನೆಯ ಪತ್ರ ಪಡೆಯಬೇಕು. ವೀಸಾಕ್ಕೆ ಒಂದು ವರ್ಷದ ಖರ್ಚಿನ ಹಣವಾಗಿ 11,904 ಯುರೋ ತೋರಿಸಬೇಕು ಎಂಬುದು 2024ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮ. ಯುರೋಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷ. ಅದು ಫೀಸಲ್ಲ, ಮಗಳ ಖಾತೆಯಲ್ಲೇ ಇದ್ದು ತಿಂಗಳಿಗೆ 992 ಯುರೋದಂತೆ ಅವಳ ಕೈಗೆ ಬರುತ್ತದೆ. ಆದರೂ ಮೊದಲಿಗೆ ಒಟ್ಟುಗೂಡಿಸಬೇಕಲ್ಲ!

ನಮ್ಮ ಮನೆಗಳಲ್ಲಿ ಮಾತು ನಿಲ್ಲುವುದು ಇಲ್ಲೇ. ಬ್ಯಾಂಕಿನ ಸಾಲವೆಂದರೆ ಬಡ್ಡಿ, ಅದಕ್ಕೆ ತಂದೆಯ ಮನಸ್ಸು ಒಪ್ಪುವುದಿಲ್ಲ. ಕೇಂದ್ರ ಸರಕಾರದ ‘ಪಢೋ ಪರ್‌ದೇಶ್’ ಬಡ್ಡಿ ಸಹಾಯ ಯೋಜನೆ 2022ರಲ್ಲಿ ನಿಂತುಹೋಯಿತು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶ ವ್ಯಾಸಂಗಕ್ಕೆ ಬಡ್ಡಿರಹಿತ ಸಾಲದ ಯೋಜನೆ ತಂದಿದೆ. ಆದಾಯ, ಭದ್ರತೆ, ವಿಶ್ವವಿದ್ಯಾನಿಲಯದ ದರ್ಜೆಯ ಶರತ್ತುಗಳನ್ನು ನಿಗಮದ ಜಿಲ್ಲಾ ಕಚೇರಿಗೆ ತಾಯಿಯೇ ಹೋಗಿ ವಿಚಾರಿಸಲಿ, ಏಜೆಂಟರ ಮೂಲಕ ಬೇಡ. ಯುರೋಪಿನ ಎರಡು ಮೂರು ದೇಶಗಳಲ್ಲಿ ಓದಿಸುವ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯುರೋ ಕೊಡುತ್ತದೆ. ಸ್ಪರ್ಧೆ ಬಿಗಿ, ಆದರೆ ಸಾಲವಲ್ಲ.

ಮದುವೆಯಾದ ಮೇಲೆ ಓದಲಿ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಬ್ರಿಟನ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್ ಓದುವವರು 2024ರ ಜನವರಿಯಿಂದ ಗಂಡನನ್ನೋ ಮಕ್ಕಳನ್ನೋ ಅವಲಂಬಿತರೆಂದು ಕರೆದೊಯ್ಯುವಂತಿಲ್ಲ. ನಿಕಾಹ್‌ಗೆ ಮೊದಲು ‘ಮುಂದೆ ಓದಿಸುತ್ತೇವೆ’ ಎಂದು ಹುಡುಗನ ಕಡೆಯವರು ಹೇಳಿದರೆ, ಯಾವ ದೇಶ, ಯಾವ ವರ್ಷ, ಖರ್ಚು ಯಾರದು ಎಂಬುದನ್ನು ಅದೇ ಕೂಟದಲ್ಲಿ ಕೇಳಿ. ಮಗಳೂ ಅಲ್ಲಿರಲಿ. ಉತ್ತರ ಅವಳೇ ಕೇಳಿಸಿಕೊಳ್ಳಲಿ.