ಎರಡು ಸಾಲು ಬಿತ್ತಿ ರಾಶಿ ಕೇಳ್ತೀಯಲ್ಲೋ!

"ಸರ್, ಮಾರ್ಕ್ಸ್ ಕಮ್ಮಿ ಬಿದ್ದಾವ್ರೀ."

"ಎರಡು ಸಾಲು ಬಿತ್ತಿ ರಾಶಿ ಕೇಳ್ತೀಯಲ್ಲೋ ತಮ್ಮಾ!"

ಗುಂಡಗುರ್ತಿಯಂಥ ತೊಗರಿ ಸೀಮೆಯ ಊರಲ್ಲಿ ಮಾಸ್ತರು ಹೀಗಂದರೆ ಕ್ಲಾಸೆಲ್ಲ ನಗುತ್ತದೆ, ಕೇಳಿದವನೂ ನಗುತ್ತಾನೆ. ಶಾಲೆಯ ಟೆಸ್ಟಿಗೆ ಈ ತಮಾಷೆ ಚೆಂದವೇ. ಬೆತ್ತಕ್ಕಿಂತ ಎಷ್ಟೋ ವಾಸಿ. ಪೇಪರ್ ಅವರ ಟೇಬಲ್ ಮೇಲೇ ಇರುತ್ತದೆ, ನಕ್ಕ ಮೇಲೆ ತೆಗೆದು ತೋರಿಸಬಹುದು.

ಎಸ್‌ಎಸ್‌ಎಲ್‌ಸಿ ಹಾಗಲ್ಲ. ತಿದ್ದಿದವರು ಬೇರೆ ಯಾರೋ. ಅಲ್ಲೂ "ನೀ ಬರದದ್ದು ಅಷ್ಟೇ, ನಡಿ" ಅಂತ ನಗಿಸಿ ಕಳಿಸಿದರೆ ಹುಡುಗ ನಂಬಿಬಿಡುತ್ತಾನೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಬಹುದು, ಮರುಎಣಿಕೆ, ಮರುಮೌಲ್ಯಮಾಪನ ಕೇಳಬಹುದು ಎಂದು ಹೇಳುವವರು ಎಷ್ಟೋ ಮನೆಗಳಲ್ಲಿ ಇಲ್ಲ. ಅಷ್ಟರಲ್ಲಿ ಅರ್ಜಿಯ ದಿನ ಮುಗಿದಿರುತ್ತದೆ.

2025ರ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡಕ್ಕೆ ಶೇ 91.12, ನಮ್ಮ ಕಲಬುರಗಿಗೆ ಶೇ 42.43, ರಾಜ್ಯಕ್ಕೇ ಕೊನೆ. ಇಂಥ ಜಿಲ್ಲೆಯಲ್ಲಿ ಒಂದೆರಡು ಅಂಕ ಹುಡುಗಾಟವಲ್ಲ. ಪರೀಕ್ಷೆ-2 ಇದೆ, ಖರೆ. ಆದರೆ ಅಪ್ಪನ ಜೊತೆ ಮುಂಬೈಗೆ ದುಡಿಯಲು ಹೋದವನು ತಿರುಗಿ ಬಂದು ಕೂರುತ್ತಾನೆಯೇ?

ನಾವು ಕೇಳೋದು ಇಷ್ಟೇ: ಮಾಸ್ತರೇ, ನಗಸ್ರಿ. ನಗಸಿದ ಮೇಲೆ ಅರ್ಜಿಯ ಕೊನೇ ದಿನ ಬೋರ್ಡ್ ಮೇಲೆ ಬರೀರಿ.